ಹಳೇ ಹಾಯಿದೋಣಿ ಕೊಳ್ಳುವ ಮುನ್ನ ಒಳಗೆ ಮಲಗಿ ನೋಡಿ

ದೋಣಿ ಅಂದರೆ ಹಂಪೆಯ ಹರಿಗೋಲು ಅಂತಷ್ಟೇ ಗೊತ್ತಿದ್ದ ನಾನು ಹಾಯಿದೋಣಿ ಕೊಳ್ಳುವುದರ ಬಗ್ಗೆ ಬರೆಯಲು ಕೂತಿದ್ದೇನೆ, ನಗಬೇಡಿ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಯಾಗಿ, ನಮ್ಮವರ ಕೆಲಸದ ನಿಮಿತ್ತ ಅಮೆರಿಕದ ಮೇರಿಲ್ಯಾಂಡಿಗೆ ಬಂದು ನೆಲೆಸಿದವಳು ನಾನು. ಮನೆಯಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಅನಾಪೊಲಿಸ್, ಅದಕ್ಕೆ ಹೊಂದಿಕೊಂಡೇ ಚೆಸಪೀಕ್ ಕೊಲ್ಲಿ. ಸುಮಾರು 200 ಮೈಲಿ ಉದ್ದದ ಈ ಕೊಲ್ಲಿಯಲ್ಲಿ ಬೇಸಿಗೆ ಬಂತೆಂದರೆ ಬಿಳಿ ಹಾಯಿಗಳ ಜಾತ್ರೆ. ಹೊಸ ದೋಣಿ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆದರೆ ಮೂವತ್ತು ನಲವತ್ತು ವರ್ಷ ಹಳೆಯವು ಹಳೇ ಕಾರಿನ ಬೆಲೆಗೆ ಸಿಗುತ್ತವೆ. ಅಲ್ಲೇ ಇರೋದು ಮೋಸ ಹೋಗುವ ದಾರಿ. ನಿಮ್ಮ ತಂಗಿಯೋ ಮಗಳೋ ಇಂಥ ಊರಿನಲ್ಲಿದ್ದರೆ ಈ ಪುಟ ಕತ್ತರಿಸಿ ಕಳಿಸಿಕೊಡಿ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಸಂತೋಷದಿಂದಲ್ಲ. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರ ದೋಣಿಯಲ್ಲಿ ಒಂದು ರಾತ್ರಿ ತಂಗಿದ್ದೆವು. ಆಗ ಎಂಟು ವರ್ಷದವನಾಗಿದ್ದ ಮಗ ನಡುಕೋಣೆಯ ಸೋಫಾ ಮೇಲೆ ಮಲಗಿದ್ದ. ಬೆಳಗಿನ ಜಾವ ಯಾವುದೋ ದೊಡ್ಡ ಮೋಟಾರು ದೋಣಿ ಪಕ್ಕದಲ್ಲೇ ಹಾದುಹೋಯಿತು ನೋಡಿ, ಅದರ ಅಲೆಗೆ ನಮ್ಮ ದೋಣಿ ತೊಟ್ಟಿಲಿನ ಹಾಗೆ ತೂಗಿತು. ಮಗು ಉರುಳಿ ಬಿತ್ತು, ಮೇಜಿನ ಮೂಲೆ ಹಣೆಗೆ ಬಡಿಯಿತು. ನಾಲ್ಕು ಹೊಲಿಗೆ! ಇನ್ನು ಮೇಲೆ ದೋಣಿಯ ಮಾತೇ ಬೇಡ ಅಂದೆ. ಇವರು ಆರು ತಿಂಗಳು ಸುಮ್ಮನಿದ್ದು ಮತ್ತೆ ಶುರು ಮಾಡಿದರು. ಹೊಲಿಗೆ ಹಾಕಿಸಿಕೊಂಡ ಮಗನೂ ಅಪ್ಪನ ಕಡೆಯೇ! ಕೊನೆಗೆ ಒಂದು ಷರತ್ತು ಹಾಕಿದೆ: "ಹಾಯಿ, ಹಗ್ಗ, ಎಂಜಿನ್ನು ನೀವು ನೋಡಿಕೊಳ್ಳಿ. ಒಳಗಿನದು ನಾನು ನೋಡ್ತೀನಿ. ನಾನು ಹೂಂ ಅನ್ನದೆ ಹಣ ಕೊಡಕೂಡದು." ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗುವುದಿತ್ತು, ಹಾಗಾಗಿ ಇವರೂ ಒಪ್ಪಿದರು.

ಜಾಹೀರಾತಿನಲ್ಲಿ "ಏಳು ಜನ ಮಲಗಬಹುದು" ಅಂತ ಇರುತ್ತದೆ. ನಂಬಬೇಡಿ. ಊಟದ ಮೇಜನ್ನು ಇಳಿಸಿ, ಅದರ ಮೇಲೆ ದಿಂಬು ಜೋಡಿಸಿ ಮಾಡುವ ಹಾಸಿಗೆಯೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಮದುವೆ ಮನೆಯಲ್ಲಿ ನೆಂಟರು ಸಾಲಾಗಿ ಮಲಗುತ್ತಾರಲ್ಲ, ಹಾಗೆ ಒಂದು ರಾತ್ರಿ ಸರಿ. ದಿನಾ ರಾತ್ರಿ ಮೇಜು ಬಿಚ್ಚಿ, ಬೆಳಿಗ್ಗೆ ಮತ್ತೆ ಕಟ್ಟುವವರು ಯಾರು? ನಾವೇ ತಾನೇ! ಮೇಜು ಮುಟ್ಟದೆ ಎಷ್ಟು ಜನ ಮಲಗಬಹುದು, ಅಷ್ಟನ್ನೇ ಎಣಿಸಿ.

ಎಣಿಸಿದರೆ ಸಾಲದು, ಮಲಗಿಯೇ ನೋಡಿ. ನಾವು ಯಾವ ದೋಣಿಗೆ ಹೋದರೂ ಮನೆಯವರೆಲ್ಲ ಚಪ್ಪಲಿ ಬಿಟ್ಟು, ಅವರವರ ಜಾಗದಲ್ಲಿ ಕಾಲು ಗಂಟೆ ಮಲಗುತ್ತಿದ್ದೆವು. ಮಾರುವವರು ಮುಖ ಮುಖ ನೋಡಿಕೊಳ್ಳುತ್ತಿದ್ದರು, ನೋಡಿಕೊಳ್ಳಲಿ. ಮೂತಿಯ ಕಡೆ ಇರುವ ತ್ರಿಕೋನದ ಹಾಸಿಗೆ ಫೋಟೋದಲ್ಲಿ ಭಾರೀ ಚಂದ. ಆದರೆ ಕಾಲಿನ ಕಡೆ ಚೂಪಾಗಿರುವುದರಿಂದ ಇಬ್ಬರ ಪಾದಗಳೂ ಜಗಳವಾಡುತ್ತವೆ. ಸಾಲದ್ದಕ್ಕೆ ದೋಣಿ ಸಾಗುವಾಗ ಅತಿ ಹೆಚ್ಚು ಎತ್ತಿ ಕುಕ್ಕುವುದು ಮೂತಿಯೇ. ಬೇಗ ವಾಂತಿ ಬರುವ ಮಗುವನ್ನು ಅಲ್ಲಿ ಮಲಗಿಸಬೇಡಿ. ನಡುಭಾಗ ಎಲ್ಲಕ್ಕಿಂತ ಶಾಂತ. ಹಿಂಭಾಗದಲ್ಲಿ, ಮೆಟ್ಟಿಲ ಪಕ್ಕದಿಂದ ಒಳಕ್ಕೆ ಗೂಡಿನ ಹಾಗೆ ಚಾಚಿಕೊಂಡಿರುವ ಹಾಸಿಗೆಯೂ ಒಳ್ಳೆಯದು. ಮಕ್ಕಳಿಗೆ ಅದೇ ಅಚ್ಚುಮೆಚ್ಚು.

ಇನ್ನು ಅಡುಗೆಯ ಜಾಗ. ಗಾಳಿ ಸಿಕ್ಕಿದ ಹಾಯಿದೋಣಿ ನೆಟ್ಟಗೆ ಹೋಗುವುದಿಲ್ಲ, ಒಂದು ಕಡೆ ವಾಲಿಯೇ ಹೋಗುತ್ತದೆ. ಉದ್ದ ಸಾಲಿನ ಕಟ್ಟೆಯಾದರೆ ನಿಲ್ಲಲು ಆಧಾರವೇ ಇಲ್ಲ. ಕುದುರೆ ಲಾಳದ ಹಾಗೆ ಮೂರು ಕಡೆ ಸುತ್ತುವರಿದ ಕಟ್ಟೆಯಾದರೆ ಸೊಂಟ ಆನಿಸಿ ನಿಂತು ಒಂದು ಲೋಟ ಕಾಫಿಯನ್ನಾದರೂ ಮಾಡಬಹುದು. ಒಲೆ ದೋಣಿ ವಾಲಿದಾಗಲೂ ಮಟ್ಟವಾಗಿರುವಂತೆ ಜೋಲಾಡಬೇಕು. ಗ್ಯಾಸಿನ ಒಲೆಯಾದರೆ ಮೊದಲು ಸಿಲಿಂಡರ್ ಎಲ್ಲಿದೆ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ದೋಣಿಯ ತಳ ಬಟ್ಟಲಿದ್ದ ಹಾಗೆ, ಸೋರಿದ ಅನಿಲವೆಲ್ಲ ಅಲ್ಲೇ ಕೂತು ಕಿಡಿಗಾಗಿ ಕಾಯುತ್ತದೆ. ಹೊರಗೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಸಿಲಿಂಡರ್ ಇಟ್ಟು, ಸೋರಿದ್ದು ನೀರಿನ ಕಡೆಗೇ ಹರಿದುಹೋಗುವ ಏರ್ಪಾಡು ಇರಬೇಕು. ಇದೊಂದರಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ.

ಶೌಚದ ಕೋಣೆಗೆ ಪರದೆಯಲ್ಲ, ಗಟ್ಟಿ ಬಾಗಿಲೇ ಬೇಕು. ಬೆಳೆದ ಮಗಳಿರುವ ಮನೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿನ ಕೊಳವೆಗಳನ್ನು ಪರೀಕ್ಷಿಸುವ ಉಪಾಯ ಹೇಳುತ್ತೇನೆ: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ಮೂಸಿ ನೋಡಿ. ವಾಸನೆ ಬಂದರೆ ಕೊಳವೆಯೇ ನೆನೆದಿದೆ ಅಂತ ಅರ್ಥ. ಅದನ್ನು ಬದಲಾಯಿಸದೆ ಎಷ್ಟು ತೊಳೆದರೂ ನಾತ ಹೋಗದು.

ನಾವು ನೋಡಿದ ಮೊದಲನೆಯ ದೋಣಿಗೆ ನಾನೇ ಮರುಳಾದೆ. ಹೊಸ ನೀಲಿ ದಿಂಬುಗಳು, ಕಿಟಕಿಗೆ ಜಾಲರಿ ಪರದೆ, ಪಾಲಿಷ್ ಹಚ್ಚಿದ ತೇಗ. ಒಳಗಿನದು ನನ್ನ ಜವಾಬ್ದಾರಿ ಅಂದವಳು ದಿಂಬು ಎತ್ತಿ ನೋಡಲೇ ಇಲ್ಲ! ಹೂಂ ಅಂದುಬಿಟ್ಟೆ, ಮುಂಗಡವೂ ಕೊಟ್ಟಾಯಿತು. ಪುಣ್ಯಕ್ಕೆ ಇವರು "ಪರೀಕ್ಷೆಯಲ್ಲಿ ತೃಪ್ತಿಯಾಗದಿದ್ದರೆ ಮುಂಗಡ ವಾಪಸ್" ಅಂತ ಕರಾರಿನಲ್ಲಿ ಬರೆಸಿದ್ದರು. ಇಲ್ಲಿ ದೋಣಿ ಪರೀಕ್ಷಿಸುವುದಕ್ಕೇ ಸರ್ವೇಯರ್ ಅಂತ ಇರುತ್ತಾರೆ, ಸ್ಯಾಮ್ಸ್, ನ್ಯಾಮ್ಸ್ ಎಂಬ ಅವರ ಸಂಘಗಳೂ ಇವೆ. ಬಂದವರು ಒಂದು ಪುಟ್ಟ ಸುತ್ತಿಗೆ ಹಿಡಿದು, ನಾವು ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೆ ಡೆಕ್ಕಿನ ಮೇಲೆಲ್ಲ ಬಡಿಯುತ್ತಾ ಹೋದರು. ಟಕ್ ಟಕ್ ಅನ್ನುತ್ತಿದ್ದದ್ದು ಕಂಬದ ಹತ್ತಿರ ಬಂದಾಗ ದಬ್ ದಬ್ ಅಂತು. ಈ ಫೈಬರ್ ಗ್ಲಾಸ್ ದೋಣಿಗಳ ಡೆಕ್ಕು ಸಾಮಾನ್ಯವಾಗಿ ಇಡೀ ಫೈಬರ್ ಅಲ್ಲ, ಎರಡು ಪದರದ ನಡುವೆ ಬಾಲ್ಸಾ ಎಂಬ ಹಗುರ ಮರವೋ ಪ್ಲೈವುಡ್ಡೋ ಇರುತ್ತದೆ. ಬೋಲ್ಟು ಹಾಕಿದ ತೂತಿನಿಂದ ವರ್ಷಗಟ್ಟಲೆ ನೀರು ಇಳಿದರೆ ಮರ ಒಳಗೇ ಕೊಳೆಯುತ್ತದೆ. ಹೊರಗೆ ಬಣ್ಣ ಮಾತ್ರ ಫಳಫಳ! ಆಮೇಲೆ ನೀಲಿ ದಿಂಬು ಎತ್ತಿದರೆ ಹಿಂದಿನ ಹಲಗೆಯ ಮೇಲೆ ಕಪ್ಪು ಕಲೆ, ಅಣಬೆಯ ವಾಸನೆ. ಮುಂಗಡ ವಾಪಸ್ ಬಂತು. ದೋಣಿಯನ್ನು ನೀರಿನಿಂದ ಎತ್ತಿಸಿದ ಖರ್ಚು, ಸರ್ವೇಯರ್ ಫೀಜು ಹೋಯಿತು. ಫೀಜು ದೋಣಿಯ ಉದ್ದಕ್ಕೆ, ಅಡಿಗೆ ಇಷ್ಟು ಅಂತ. ಇವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಎರಡನೆಯದು ಪಂದ್ಯದ ದೋಣಿ, ಕಿರಿದು, ಚೂಪು. ಇವರಿಗೆ ಬಾಯಲ್ಲಿ ನೀರು. ಒಳಗೆ ನಾಲ್ಕು ಜನ ಮೊಣಕಾಲು ತಾಗಿಸಿಕೊಂಡು ಕೂರಬೇಕು. ಬೇಡ ಅಂದೆ.

ಮೂರನೆಯದು ಕ್ಯಾಟಲೀನಾ 30. ಈ ಮಾದರಿಯನ್ನು 1970ರ ದಶಕದಿಂದ 2008ರವರೆಗೆ ಕಟ್ಟುತ್ತಿದ್ದರು. ಆರು ಸಾವಿರಕ್ಕೂ ಹೆಚ್ಚು ಬಂದಿರುವುದರಿಂದ ಹಳೆಯವಕ್ಕೂ ಬಿಡಿಭಾಗ ಸಿಗುತ್ತದೆ, ಕೇಳಿದರೆ ಹೇಳುವವರೂ ಇದ್ದಾರೆ. ಉದ್ದ 30 ಅಡಿ, ಅಗಲ ಹತ್ತಿರ ಹತ್ತಿರ 11 ಅಡಿ. ಲಾಳಾಕಾರದ ಅಡುಗೆ ಕಟ್ಟೆ, ಬಾಗಿಲಿರುವ ಶೌಚ, ಮೇಜಿನ ಎದುರು ಉದ್ದ ಸೋಫಾ, ಹಿಂಭಾಗದಲ್ಲಿ ಗೂಡು ಹಾಸಿಗೆ. ಮೇಜು ಮುಟ್ಟದೆ ನಾಲ್ವರೂ ಮಲಗಿದೆವು. ನಾವು ನೋಡಿದ್ದರಲ್ಲಿ ನೀರಿನೊಳಗಿನ ಭಾರದ ಕೀಲ್ ಕಡಿಮೆ ಆಳದ್ದು. ಈ ಕೊಲ್ಲಿಯ ಸರಾಸರಿ ಆಳವೇ ಸುಮಾರು 21 ಅಡಿ, ದಡದ ಕಡೆ ಇನ್ನೂ ಕಡಿಮೆ. ಹಾಗಾಗಿ ಅದು ಅನುಕೂಲವೇ ಆಯಿತು. ಅಗಲ ಹೆಚ್ಚಿದ್ದರೆ ಒಂದು ತೊಂದರೆ ಇದೆ: ವಾಲಿದಾಗ ಹಿಡಿಯಲು ಏನೂ ಸಿಗದೆ ಮಕ್ಕಳು ಈ ಗೋಡೆಯಿಂದ ಆ ಗೋಡೆಗೆ ಜಾರುತ್ತಾರೆ. ಛಾವಣಿಗೆ ಎರಡು ಹಿಡಿಕೆ ಕಂಬಿ ಹಾಕಿಸಿದೆವು, ಮೇಜಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಸಿದೆವು. ಈ ಸಲ ಸರ್ವೇಯರ್ ಬರುವ ಮೊದಲೇ ನಾನು ಎಲ್ಲ ದಿಂಬು ಎತ್ತಿ, ನೆಲದ ಹಲಗೆ ತೆಗೆದು, ಟಾರ್ಚು ಬಿಟ್ಟು ನೋಡಿದ್ದೆ. ಅವರ ಸುತ್ತಿಗೆಯೂ ಕೊನೆಯವರೆಗೆ ಟಕ್ ಟಕ್ ಅಂತಲೇ ಅಂದಿತು. ಹಾಯಿ ಹಳತು, ಎಂಜಿನ್ನಿನ ಪಟ್ಟಿ ಸವೆದಿತ್ತು. ಅದನ್ನೇ ತೋರಿಸಿ ಇವರು ಬೆಲೆ ಇಳಿಸಿದರು.

ಕೊನೆಗೆ ಮಗ ಮಲಗುವ ಸೋಫಾಕ್ಕೆ ಬೀಳದ ಹಾಗೆ ನಾನೇ ಅಡ್ಡಬಟ್ಟೆ ಹೊಲಿದೆ. ನಿಮಗೂ ಬೇಕಾದೀತು. ಗಟ್ಟಿ ಕ್ಯಾನ್ವಾಸು ತೆಗೆದುಕೊಳ್ಳಿ. ಉದ್ದ ನಾಲ್ಕೂವರೆ ಅಡಿ ಸಾಕು, ತಲೆ ಕಾಲುಗಳ ಕಡೆ ಗಾಳಿಯಾಡಲಿ. ಅಗಲದಲ್ಲಿ ಒಂದು ಅಡಿ ಹಾಸಿಗೆಯ ಅಡಿಗೆ ಹೋಗಬೇಕು, ಒಂದೂವರೆ ಅಡಿ ಹಾಸಿಗೆಯಿಂದ ಮೇಲೆ ನಿಲ್ಲಬೇಕು, ಹಾಸಿಗೆಯ ದಪ್ಪ ಬೇರೆ ಸೇರಿಸಿ. ಅಡಿಯ ಅಂಚನ್ನು ಹಲಗೆಗೆ ಪಟ್ಟಿಯಿಟ್ಟು ಸ್ಕ್ರೂ ಮಾಡಿಸಿ. ಮೊಳೆ ಹೊಡೆದರೆ ಕಿತ್ತುಬರುತ್ತದೆ. ಮೇಲಿನ ಎರಡು ಮೂಲೆಗೆ ಹಿತ್ತಾಳೆ ರಿಂಗು ಹಾಕಿಸಿ, ಹಗ್ಗದಿಂದ ಛಾವಣಿಯ ಕಂಬಿಗೆ ಬಿಗಿಯಿರಿ. ಗಂಟು ಮಾತ್ರ ಮಗುವೇ ಒಳಗಿನಿಂದ ಒಂದೇ ಎಳೆತಕ್ಕೆ ಬಿಚ್ಚುವಂಥ ಜಾರುಗಂಟು ಇರಲಿ. ನಮ್ಮ ಮಗನಿಗೆ ಕತ್ತಲೆಯಲ್ಲಿ, ದೀಪ ಹಾಕದೆ, ಹತ್ತು ಸಲ ಬಿಚ್ಚಿಸಿ ನೋಡಿದ ಮೇಲೆಯೇ ಮೊದಲ ರಾತ್ರಿ ಹೊರಟದ್ದು.