ಗಾಜಿನ ತೊಟ್ಟಿಯಲ್ಲಿ ಕ್ರೇಫಿಷ್ ಮತ್ತು ಜೊತೆಯ ಮೀನುಗಳನ್ನು ಸಾಕುವ ಕ್ರಮ

ಪಟ್ಟಣದ ಅಲಂಕಾರ ಮೀನಿನ ಅಂಗಡಿಗಳಲ್ಲಿ ಕ್ರೇಫಿಷ್ ಎಂಬ ಜಲಚರವು ಮಾರಾಟಕ್ಕೆ ದೊರೆಯುತ್ತಿದ್ದು, ಅಲ್ಲೊಂದು ಇಲ್ಲೊಂದು ಹಳ್ಳಿಯ ಮನೆಗೂ ಬಂದು ಸೇರಿರುತ್ತದೆ. ಇದು ಸೀಗಡಿ ಮತ್ತು ಏಡಿಗಳ ಬಳಗಕ್ಕೆ ಸೇರಿದ್ದು; ಐದು ಜೊತೆ ಕಾಲುಗಳಿದ್ದು ಮುಂದಿನ ಜೊತೆಯು ಬಲವಾದ ಕೊಂಡಿಗಳಾಗಿರುವುದು. ಭಾರತದ ನದಿ ಕೆರೆಗಳಲ್ಲಿ ಸ್ವಾಭಾವಿಕವಾಗಿ ಕ್ರೇಫಿಷ್ ಇರುವುದಿಲ್ಲ. ಅಂಗಡಿಯಲ್ಲಿ ಕಾಣುವುದೆಲ್ಲವೂ ಹೊರದೇಶದ ಮೂಲದ್ದು. ಇದನ್ನು ಸಾಕಲಿಚ್ಛಿಸುವವರು ಅನುಸರಿಸತಕ್ಕ ಕ್ರಮವನ್ನೂ, ಊರಿನ ಕೆರೆಯ ಹಿತಕ್ಕಾಗಿ ಸರ್ವರೂ ತಿಳಿದಿರತಕ್ಕ ಒಂದು ಮುಖ್ಯ ವಿಷಯವನ್ನೂ ಈ ಪತ್ರಿಕೆಯಲ್ಲಿ ವಿವರಿಸಿದೆ.

೧. ತೊಟ್ಟಿ.— ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿಯು ಒಂದು ಕ್ರೇಫಿಷ್ ಮತ್ತು ಕೆಲವು ಸಣ್ಣ ಮೀನುಗಳಿಗೆ ಸಾಕಾಗುವುದು. ಒಂದು ಅಡಿ ಎತ್ತರಕ್ಕೆ ನೀರು ತುಂಬಿದರೆ ಸುಮಾರು ೮೮ ಲೀಟರು ಹಿಡಿಯುವುದು. ಗಾಜು, ಜಲ್ಲಿ, ನೀರು ಎಲ್ಲ ಸೇರಿ ತೂಕವು ಒಂದು ಕ್ವಿಂಟಾಲನ್ನು ಮೀರುವುದರಿಂದ ಕಲ್ಲಿನ ಕಟ್ಟೆ ಅಥವಾ ಗಟ್ಟಿ ಮೇಜಿನ ಮೇಲೆ, ಬಿಸಿಲು ನೇರವಾಗಿ ಬೀಳದ ಕಡೆ ಇಡತಕ್ಕದ್ದು. ಕಿವಿರು ಒದ್ದೆಯಾಗಿರುವವರೆಗೆ ಈ ಪ್ರಾಣಿಯು ನೀರಿನ ಹೊರಗೂ ಉಸಿರಾಡಬಲ್ಲದು. ಗಾಳಿಯ ಕೊಳವೆಯನ್ನೇ ಹಿಡಿದು ಮೇಲೇರಿ ಹೊರಬರುವುದುಂಟು. ಆದುದರಿಂದ ಪ್ಲಾಸ್ಟಿಕ್ ಜಾಲರಿಯನ್ನು ಮುಚ್ಚಿ, ಅದರ ಮೇಲೆ ಭಾರವಿಡುವುದು ಅವಶ್ಯ.

೨. ಒಳಗಿನ ಏರ್ಪಾಡು.— ತಳದಲ್ಲಿ ಎರಡು ಅಂಗುಲದಷ್ಟು ಚೆನ್ನಾಗಿ ತೊಳೆದ ಸಣ್ಣ ಜಲ್ಲಿಯನ್ನು ಹರಡಬೇಕು. ಒಡೆದ ನಾಡಹೆಂಚು, ಮಡಕೆಯ ಚೂರು, ತೆಂಗಿನ ಕರಟ ಇವುಗಳಿಂದ ಎರಡು ಮೂರು ಅಡಗುದಾಣಗಳನ್ನು ಮಾಡಿಕೊಡಬೇಕು. ಒಂದು ಹೆಂಚನ್ನು ನೀರಿನ ಮೇಲ್ಮಟ್ಟದವರೆಗೆ ಓರೆಯಾಗಿ ನಿಲ್ಲಿಸಿದರೆ, ವಿದ್ಯುತ್ತು ನಿಂತು ಗಾಳಿಯ ಪಂಪು ಕೆಲಸಮಾಡದಿದ್ದಾಗ ಪ್ರಾಣಿಯು ಅದನ್ನೇರಿ ಉಸಿರಾಡಿಕೊಳ್ಳುವುದು. ಬೇರೂರುವ ಗಿಡಗಳನ್ನು ಅದು ಕಿತ್ತುಹಾಕುವುದರಿಂದ ನೆಡುವುದು ವ್ಯರ್ಥ.

೩. ನೀರು.— ಬಯಲುಸೀಮೆಯ ಬಾವಿಗಳ ಗಡಸು ನೀರು ಇದಕ್ಕೆ ಸಾಮಾನ್ಯವಾಗಿ ಒಗ್ಗುವುದು. ಚಿಪ್ಪು ಬೆಳೆಯಲು ಸುಣ್ಣದ ಅಂಶ ಬೇಕು. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು.

ತಾಮ್ರವು ಈ ಜಾತಿಗೆ ವಿಷ. ತಾಮ್ರದ ಹಂಡೆಯ ನೀರನ್ನು ಬಳಸಬಾರದು. ಅಡಿಕೆ ತೋಟಕ್ಕೆ ಮೈಲುತುತ್ತವನ್ನು ಕಲಸಿದ ಅಥವಾ ಕೀಟನಾಶಕವನ್ನು ಬೆರೆಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತರಕೂಡದು. ನನ್ನ ತಿರುಗಾಟದ ಗ್ರಾಮವೊಂದರಲ್ಲಿ ಅಂತಹ ಬಕೆಟ್ಟಿನಿಂದ ನೀರು ತುಂಬಿದ ಮನೆಯವರು ಬೆಳಗಾಗುವಷ್ಟರಲ್ಲಿ ತೊಟ್ಟಿಯ ಪ್ರಾಣಿಯನ್ನು ಕಳೆದುಕೊಂಡರು.

೪. ನೀರನ್ನು ಹದಗೊಳಿಸುವುದು.— ಹೊಸ ತೊಟ್ಟಿಗೆ ಆ ದಿನವೇ ಪ್ರಾಣಿಯನ್ನು ಬಿಡುವುದು ದೊಡ್ಡ ತಪ್ಪು. ಕೊಟ್ಟಿಗೆ ಗೊಬ್ಬರದಿಂದುಂಟಾಗುವ ಅಮೋನಿಯವನ್ನು ಹೊಲದ ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟಾಗಿಯೂ ಆಮೇಲೆ ನೈಟ್ರೇಟಾಗಿಯೂ ಮಾರ್ಪಡಿಸುವುವಷ್ಟೆ. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯಬೇಕು. ಮೊದಲಿನ ಎರಡೂ ಜಲಚರಗಳಿಗೆ ವಿಷ, ಕೊನೆಯದು ಅಷ್ಟು ಅಪಾಯಕರವಲ್ಲ. ಗಾಳಿಯ ಪಂಪಿಗೆ ಸ್ಪಂಜಿನ ಶೋಧಕವನ್ನು ಜೋಡಿಸಿ, ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ನಾಲ್ಕರಿಂದ ಆರು ವಾರ ಕಾದರೆ ಆ ಜೀವಿಗಳು ಸ್ಪಂಜಿನಲ್ಲಿ ನೆಲೆಗೊಳ್ಳುವುವು. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ನೋಡಿ, ಅಮೋನಿಯ ನೈಟ್ರೈಟುಗಳೆರಡೂ ಇಲ್ಲವೆಂದು ಖಚಿತವಾದ ಮೇಲೆ ಪ್ರಾಣಿಗಳನ್ನು ಬಿಡಬಹುದು. ಅನಂತರ ವಾರಕ್ಕೊಮ್ಮೆ ಕಾಲು ಪಾಲು, ಎಂದರೆ ಸುಮಾರು ೨೨ ಲೀಟರು ನೀರನ್ನು ಬದಲಿಸತಕ್ಕದ್ದು.

೫. ಆಹಾರ ಮತ್ತು ಪೊರೆ ಬಿಡುವಿಕೆ.— ಇದು ರಾತ್ರಿ ಸಂಚರಿಸುವ ಪ್ರಾಣಿಯಾದುದರಿಂದ ಸಂಜೆ ಆಹಾರ ಕೊಡಬೇಕು. ಬೇಯಿಸಿದ ಸೊಪ್ಪು, ಗಜ್ಜರಿಯ ಹೋಳು, ಆಗಾಗ್ಗೆ ಮೀನಿನ ಸಣ್ಣ ತುಂಡು ಸಾಕು. ಉಳಿದುದನ್ನು ಬೆಳಿಗ್ಗೆ ತೆಗೆಯದಿದ್ದರೆ ನೀರು ಕೆಡುವುದು. ಬೆಳೆಯುವಾಗ ಇದು ಹಾವಿನಂತೆ ಪೊರೆ ಬಿಡುತ್ತದೆ. ಕಳಚಿದ ಚಿಪ್ಪನ್ನು ಕಂಡು ಪ್ರಾಣಿಯು ಸತ್ತಿತೆಂದು ಅನೇಕರು ಭಾವಿಸುವರು. ಆ ಚಿಪ್ಪನ್ನು ತೆಗೆಯಬಾರದು. ಅದನ್ನೇ ತಿಂದು ಸುಣ್ಣದ ಅಂಶವನ್ನು ಮರಳಿ ಪಡೆಯುವುದು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಕೆಲವು ದಿನ ಮೈ ಮೆತ್ತಗಿರುವುದು. ಆಗ ಇನ್ನೊಂದು ಕ್ರೇಫಿಷ್ ಜೊತೆಯಲ್ಲಿದ್ದರೆ ಇದನ್ನು ಕೊಂದು ತಿನ್ನುವ ಸಂಭವ ಹೆಚ್ಚು. ಆದುದರಿಂದ ಸಣ್ಣ ತೊಟ್ಟಿಗೆ ಒಂದೇ ಪ್ರಾಣಿ ಎಂಬುದು ನಿಯಮ.

೬. ಜೊತೆಯ ಮೀನುಗಳು.— ಇದರ ಜೊತೆಯಲ್ಲಿ ಸಂಪೂರ್ಣ ಕ್ಷೇಮವಾಗಿರುವ ಮೀನು ಯಾವುದೂ ಇಲ್ಲ. ತಳದಲ್ಲಿ ಮಲಗುವ ಮೀನುಗಳೂ, ಉದ್ದ ರೆಕ್ಕೆಯ ನಿಧಾನವಾದ ಚಿನ್ನದ ಮೀನುಗಳೂ ಕೊಂಡಿಗೆ ಸಿಕ್ಕುವುವು. ಬಸವನಹುಳುಗಳನ್ನು ಇದು ತಿಂದುಬಿಡುವುದು. ದೊಡ್ಡ ಜಗಳಗಂಟ ಮೀನುಗಳಾದರೋ ಮೆತ್ತಗಿರುವ ಕ್ರೇಫಿಷನ್ನೇ ತಿನ್ನುವುವು. ನೀರಿನ ಮೇಲ್ಭಾಗದಲ್ಲಿ ಚುರುಕಾಗಿ ಈಜುವ, ನಮ್ಮ ದೇಶದವೇ ಆದ ಜೀಬ್ರಾ ಡೇನಿಯೊ ಮೀನುಗಳು ಆರೇಳು ಇದ್ದರೆ ಒಳ್ಳೆಯದು. ಆಗಲೂ ಒಂದೊಂದು ನಷ್ಟವಾಗುವುದನ್ನು ನಿರೀಕ್ಷಿಸಿಯೇ ಇರಬೇಕು.

೭. ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯ.— ಸಾಕಲು ಬೇಸರವಾದವರು ಪ್ರಾಣಿಯನ್ನು ಪುಣ್ಯವೆಂದು ಕೆರೆಗೆ ಬಿಡುವುದುಂಟು. ಇದರಲ್ಲಿ ಪುಣ್ಯವಿಲ್ಲ, ಊರಿಗೆಲ್ಲ ಹಾನಿಯಿದೆ. ಅಮೆರಿಕದ ಕೆಂಪು ಕ್ರೇಫಿಷ್ ನೀರಿನ ಅಂಚಿನ ಮಣ್ಣಿನಲ್ಲಿ ಬಿಲ ತೋಡುವ ಜಾತಿ. ೧೯೨೭ರಲ್ಲಿ ಜಪಾನಿಗೆ ಕಪ್ಪೆಗಳ ಆಹಾರಕ್ಕೆಂದು ತಂದದ್ದು ಗದ್ದೆಗಳ ಪೀಡೆಯಾಯಿತು. ೧೯೭೩ರಲ್ಲಿ ಸ್ಪೇಯಿನಿಗೆ ಸಾಕಣೆಗೆಂದು ತಂದದ್ದು ಭತ್ತದ ಬದುಗಳನ್ನು ಕೊರೆದು ಹಾನಿಮಾಡಿತು. ಅಮೃತಶಿಲೆಯಂತೆ ಮಚ್ಚೆಯುಳ್ಳ ಇನ್ನೊಂದು ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಗಂಡಿನ ಸಹಾಯವಿಲ್ಲದೆ ಒಂದೇ ಪ್ರಾಣಿಯಿಂದ ನೂರಾರು ಮರಿಗಳಾಗುವುವು. ಅದು ಈಗ ಮಡಗಾಸ್ಕರ್ ದ್ವೀಪದ ಗದ್ದೆ ಹೊಳೆಗಳಲ್ಲಿ ಹಬ್ಬಿದೆ. ಉದ್ಯಾನದ ಅಂದಕ್ಕೆಂದು ತಂದ ಲಂಟಾನವು ನಮ್ಮ ಕಾಡು ಗೋಮಾಳಗಳನ್ನು ಆಕ್ರಮಿಸಿದ ಬಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಕೆರೆಗಳ ಏರಿಯು ಬಹುತೇಕ ಮಣ್ಣಿನದು. ಇಲಿ ಏಡಿಗಳ ಬಿಲದಿಂದ ನೀರು ಜಿನುಗುವ ಕಷ್ಟವನ್ನು ಅಚ್ಚುಕಟ್ಟಿನ ರೈತರೆಲ್ಲರೂ ಬಲ್ಲರು. ಒಂದು ಮನೆಯ ವಿನೋದಕ್ಕಾಗಿ ಹತ್ತಾರು ಒಕ್ಕಲುಗಳ ನೀರನ್ನು ಅಪಾಯಕ್ಕೊಡ್ಡುವುದು ತರವಲ್ಲ. ಕೃಷಿ ಹೊಂಡಕ್ಕೆ ಬಿಡುವುದೂ ಕೂಡದು. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಅದು ಹಳ್ಳದ ದಾರಿ ಹಿಡಿಯುವುದು. ಸಾಕಲಾಗದಿದ್ದರೆ ಕೊಂಡ ಅಂಗಡಿಗೇ ಹಿಂತಿರುಗಿಸತಕ್ಕದ್ದು. ತೊಟ್ಟಿಯಿಂದ ತೆಗೆದ ನೀರನ್ನು ಕಾಲುವೆಗೆ ಚೆಲ್ಲದೆ ಹಿತ್ತಿಲ ತರಕಾರಿಯ ಪಾತಿಗೆ ಹಾಕಿದರೆ ಮರಿಗಳು ಹರಿದುಹೋಗುವ ಭಯವೂ ಇಲ್ಲ, ಗಿಡಕ್ಕೆ ಗೊಬ್ಬರವೂ ಆಯಿತು.

ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಶಾಲೆಯ ಮಕ್ಕಳಿಗೂ ತಿಳಿಯಪಡಿಸುವುದು ಮೇಲು. ಕೆರೆಯಲ್ಲಿ ಕೊಂಡಿಯುಳ್ಳ ಅಪರಿಚಿತ ಪ್ರಾಣಿ ಬಲೆಗೆ ಸಿಕ್ಕಿದರೆ ಅದನ್ನು ಮರಳಿ ನೀರಿಗೆ ಬಿಡದೆ, ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಗೆ ಕೂಡಲೆ ತೋರಿಸತಕ್ಕದ್ದು. ಗಾಜಿನೊಳಗೆ ಇರುವವರೆಗೆ ಅದು ನೋಡಲು ಚೆಂದ. ಏರಿಯನ್ನು ಸೇರಿದ ಮೇಲೆ ಹೊರಗಟ್ಟುವುದು ಯಾರಿಂದಲೂ ಸುಲಭವಲ್ಲ.