ಸ್ವೀಡನ್ನಿನಿಂದ ಬಾರದ ಅಜ್ಜ

ಜರ್ಮನಿಯ ಇತಿಹಾಸಕಾರ ರೋಲಾಂಡ್ ಪೌಲ್ 2016ರಲ್ಲಿ ಹಳೆಯ ಕಡತಗಳ ನಡುವೆ ಒಂದು ಸರಕಾರಿ ಆದೇಶವನ್ನು ಪತ್ತೆ ಮಾಡಿದರು. ಅದು 1905ರ ಫೆಬ್ರುವರಿಯದು. ಕಾಲ್‌ಸ್ಟಾಟ್ ಎಂಬ ದ್ರಾಕ್ಷಿ ಬೆಳೆಯುವ ಹಳ್ಳಿಯಲ್ಲಿ ಸದ್ಯ ತಂಗಿರುವ ಅಮೆರಿಕದ ಪ್ರಜೆ ಫ್ರೀಡ್ರಿಕ್ ಟ್ರಂಪ್ ಮೇ 1ರೊಳಗೆ ಬವೇರಿಯಾ ಬಿಟ್ಟು ಹೊರಡತಕ್ಕದ್ದು, ತಪ್ಪಿದರೆ ಗಡಿಪಾರು ಎಂಬುದಷ್ಟೇ ಅದರ ಸಾರ. ಡೊನಾಲ್ಡ್ ಟ್ರಂಪ್ ಅವರ ಅಜ್ಜನನ್ನು ಹುಟ್ಟೂರಿನವರೇ ಹೊರಗಟ್ಟಿದ್ದರು ಎಂದು ಪತ್ರಿಕೆಗಳು ನಾಲ್ಕು ದಿನ ಚಪ್ಪರಿಸಿ ಸುಮ್ಮನಾದವು. ಆ ಕಾಗದದ ಬೆಲೆ ಈ ವ್ಯಂಗ್ಯದಲ್ಲಷ್ಟೇ ಇಲ್ಲ. ಕಡಲು ದಾಟಿದ ಹಿರಿಯರ ಜಾಡು ಹಿಡಿಯಬೇಕಾದರೆ ಮನೆಯವರ ನೆನಪಿಗಿಂತ, ಬಂದಿಳಿದ ಬಂದರಿನ ಪಟ್ಟಿಗಿಂತ, ಅವರನ್ನು ಸುಲಭಕ್ಕೆ ಬಿಟ್ಟುಕೊಡದ ಸರಕಾರದ ಕಡತವೇ ಹೆಚ್ಚು ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮನೆಯವರ ನೆನಪಿನಿಂದಲೇ ಶುರು ಮಾಡೋಣ. 1987ರಲ್ಲಿ ಬಂದ ‘ದಿ ಆರ್ಟ್ ಆಫ್ ದಿ ಡೀಲ್’ ಪುಸ್ತಕದ ಪ್ರಕಾರ ಈ ಅಜ್ಜ ಬಂದದ್ದು ಸ್ವೀಡನ್ನಿನಿಂದ, ಮಗ ಫ್ರೆಡ್ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಎರಡೂ ಸುಳ್ಳು. ಫ್ರೆಡ್ ಹುಟ್ಟಿದ್ದು 1905ರ ಅಕ್ಟೋಬರ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅಜ್ಜ ಹುಟ್ಟಿದ್ದು 1869ರ ಮಾರ್ಚ್ 14ರಂದು, ಕಾಲ್‌ಸ್ಟಾಟ್‌ನಲ್ಲಿ. ಸ್ವೀಡನ್ನೇ ಏಕೆ ಎಂಬ ಪ್ರಶ್ನೆ ಕೆಣಕದೆ ಬಿಡುವುದಿಲ್ಲ. ಅಲ್ಲಿ ಕಾರ್ಲ್‌ಸ್ಟಾಡ್ ಎಂಬ ಊರಿದೆ, ಕೇಳುವ ಕಿವಿಗೆ ಕಾಲ್‌ಸ್ಟಾಟ್‌ಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಇದು ಕಿವಿಯ ತಪ್ಪಲ್ಲ. ಎರಡನೇ ಮಹಾಯುದ್ಧದ ನಂತರ ಬಾಡಿಗೆ ಮನೆಗಳ ವ್ಯಾಪಾರದಲ್ಲಿದ್ದ ಫ್ರೆಡ್ ಟ್ರಂಪ್‌ಗೆ ಯಹೂದಿ ಬಾಡಿಗೆದಾರರು ಬಹಳ. ಜರ್ಮನ್ ಮೂಲ ಹೇಳಿಕೊಂಡರೆ ವ್ಯಾಪಾರಕ್ಕೆ ಏಟು ಎಂದು ಈ ಕಥೆ ಕಟ್ಟಿದರೆಂಬುದು ಸಂಬಂಧಿಕರೇ ಕೊಟ್ಟ ವಿವರಣೆ. ವಂಶದ ಕಥೆಯಲ್ಲೂ ಒಂದು ಬಗೆಯ ಸತ್ಯವಿರುತ್ತದೆ ಎಂದು ವಾದಿಸುವವರಿದ್ದಾರೆ. ಒಪ್ಪೋಣ. ಇಲ್ಲಿರುವ ಸತ್ಯ 1945ರ ನಂತರದ ನ್ಯೂಯಾರ್ಕಿನ ಅಂಜಿಕೆಯದು. ಅಜ್ಜನ 1885ರ ಪ್ರಯಾಣದ್ದು ಒಂದು ಕಾಳಿನಷ್ಟೂ ಇಲ್ಲ.

ಹಾಗಾದರೆ ಬಂದರಿನ ಪಟ್ಟಿಗಳು? ಮೊದಲು ಅಜ್ಜ ಹೊರಟ ಹಿನ್ನೆಲೆ ನೋಡೋಣ. ಕಾಲ್‌ಸ್ಟಾಟ್ ಇರುವ, ಆಗ ಬವೇರಿಯಾಕ್ಕೆ ಸೇರಿದ್ದ ಪಲಾಟಿನೇಟ್ ಸೀಮೆಯಲ್ಲಿ ಆಸ್ತಿಯನ್ನು ಮಕ್ಕಳೆಲ್ಲರಿಗೂ ಹಂಚುವ ಪದ್ಧತಿಯಿತ್ತು. ತಲೆಮಾರು ಕಳೆದಂತೆ ದ್ರಾಕ್ಷಿತೋಟ ಪಟ್ಟಿಪಟ್ಟಿಯಾಗಿ ಚೂರಾಗುತ್ತಿತ್ತು. ತಂದೆ 1877ರಲ್ಲಿ ತೀರಿಕೊಂಡಿದ್ದರು. ಫ್ರಾಂಕೆಂಟಾಲ್‌ನಲ್ಲಿ ಕ್ಷೌರದ ಕೆಲಸ ಕಲಿತ ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಬ್ರೆಮೆನ್‌ನಿಂದ ‘ಐಡರ್’ ಎಂಬ ಹಬೆ ಹಡಗು ಹತ್ತಿದ. 1885ರ ಅಕ್ಟೋಬರ್ 19ರಂದು ನ್ಯೂಯಾರ್ಕ್ ತಲುಪಿದ. ಅಕ್ಕ ಕಟರೀನಾ ಮೊದಲೇ ಅಲ್ಲಿದ್ದಳು. ವಲಸಿಗನೆಂದರೆ ಎಲ್ಲಿಸ್ ಐಲ್ಯಾಂಡ್ ಎಂದು ಸಿನಿಮಾ ನೋಡಿದವರೆಲ್ಲ ಹೇಳಿಬಿಡುತ್ತಾರೆ. ಅದು ತೆರೆದದ್ದು 1892ರಲ್ಲಿ. ಈತ ಇಳಿದದ್ದು ಅದಕ್ಕೂ ಮುಂಚಿನ ವಲಸೆ ಠಾಣೆಯಾದ ಕ್ಯಾಸಲ್ ಗಾರ್ಡನ್‌ನಲ್ಲಿ. ಅಲ್ಲಿನ ಪಟ್ಟಿಯಲ್ಲಿ ಅವನ ಹೆಸರು ‘ಟ್ರಂಫ್’ ಎಂದಾಗಿದೆ. ಯಾಕೆ ಬಂದ, ಮನೆಯಲ್ಲಿ ಹೇಳಿ ಬಂದನೇ ಎಂಬುದಕ್ಕೆಲ್ಲ ಆ ಸಾಲಿನಲ್ಲಿ ಉತ್ತರವಿಲ್ಲ. ಹೊರಟ ಕಡೆಯ ಪಟ್ಟಿ ನೋಡೋಣವೆಂದರೆ ಅದೂ ಇಲ್ಲ. ಹಾಂಬರ್ಗ್ ಬಂದರು 1850ರಿಂದ 1934ರವರೆಗಿನ ಪಟ್ಟಿಗಳನ್ನು ಜತನದಿಂದ ಉಳಿಸಿಕೊಂಡಿದೆ. ಬ್ರೆಮೆನ್ ಆಡಳಿತ ಮಾತ್ರ ಇಡಲು ಜಾಗವಿಲ್ಲವೆಂದು ತನ್ನ ಹಳೆಯ ಪಟ್ಟಿಗಳನ್ನು ತಾನೇ ನಾಶ ಮಾಡಿತು, ಆಮೇಲಿನವೂ ಬಹುಪಾಲು ಯುದ್ಧದಲ್ಲಿ ಹೋದವು. ಲಕ್ಷಾಂತರ ಜನರ ಹೊರಡುವ ಗಳಿಗೆ ಜಾಗದ ಉಳಿತಾಯಕ್ಕೆ ಬಲಿಯಾಯಿತು ಎಂದರೆ ಸಿಟ್ಟು ಬರುತ್ತದೆ.

ಈ ಖಾಲಿಯನ್ನು ತುಂಬಿದ್ದು ಬವೇರಿಯಾದ ಸಿಡುಕು. 1892ರಲ್ಲಿ ಸಿಯಾಟಲ್‌ನಲ್ಲಿ ಅಮೆರಿಕದ ಪೌರತ್ವ ಪಡೆದು, ಕ್ಲಾಂಡೈಕ್ ಚಿನ್ನದ ಹುಚ್ಚಿನಲ್ಲಿ ಮುಳುಗಿದ್ದವರಿಗೆ ಊಟ, ಹಾಸಿಗೆ ಮಾರಿ ಕಾಸು ಮಾಡಿಕೊಂಡಿದ್ದ ಫ್ರೀಡ್ರಿಕ್ 1901ರಲ್ಲಿ ಊರಿಗೆ ಬಂದ; ಮರುವರ್ಷ ಎಲಿಜಬೆತ್ ಕ್ರಿಸ್ಟ್ ಎಂಬ ಅದೇ ಊರಿನ ಹುಡುಗಿಯನ್ನು ಮದುವೆಯಾದ. ಜೊತೆಗೆ ಹೋದ ಆಕೆಗೆ ನ್ಯೂಯಾರ್ಕ್ ಒಗ್ಗಲಿಲ್ಲ. 1904ರಲ್ಲಿ ಕೂಸಿನೊಂದಿಗೆ ವಾಪಸಾಗಿ, ಹಳೆಯ ಪೌರತ್ವ ಮರಳಿ ಕೊಡಿ ಎಂದು ಕೇಳಿದಾಗ ಅಧಿಕಾರಿಗಳು ಲೆಕ್ಕ ತೆಗೆದರು: ಸೈನ್ಯಕ್ಕೆ ಸೇರಬೇಕಾದ ವಯಸ್ಸಿಗೆ ಮುಂಚೆಯೇ ಹೇಳದೆ ಹೋದವನು, ಆ ವಯಸ್ಸು ದಾಟಿದ ಮೇಲೆ ಬಂದಿದ್ದಾನೆ. ಸೈನ್ಯ ತಪ್ಪಿಸಲು ಹೋದದ್ದಲ್ಲ, ದುಡಿದು ತಾಯಿಯನ್ನು ಸಾಕಲು ಹೋದದ್ದು ಎಂದು ಆತ ಉತ್ತರ ಕೊಟ್ಟ. ರಾಜಪ್ರತಿನಿಧಿ ಲುಯಿಟ್‌ಪೋಲ್ಡ್‌ಗೆ ಹೊಗಳಿಕೆಯ ಮಳೆಗರೆದು ಅರ್ಜಿಯನ್ನೂ ಬರೆದ. ಕೆಲಸವಾಗಲಿಲ್ಲ. ನ್ಯೂಯಾರ್ಕಿನಲ್ಲಿ ಯಾರೂ ಕೇಳದ ‘ಯಾಕೆ ಹೋದೆ’ ಎಂಬ ಪ್ರಶ್ನೆಗೆ ಅವನದೇ ಉತ್ತರ ನಮಗೆ ಸಿಕ್ಕಿರುವುದು ಈ ತಕರಾರಿನಿಂದ.

ಸರಕಾರದ ಮುಂದೆ ಯಾರು ನಿಜ ಹೇಳುತ್ತಾರೆ ಎನ್ನಬಹುದು. ನ್ಯಾಯವಾದ ಆಕ್ಷೇಪವೇ. ತಾಯಿಯ ಮಾತು ಎಷ್ಟು ನಿಜವೋ, ಎಷ್ಟು ವಕೀಲಿಕೆಯೋ! ಆದರೆ ಊರು, ವರ್ಷ, ವಯಸ್ಸು, ಪೌರತ್ವ ಇವನ್ನು ಆ ಕಡತದಲ್ಲಿ ಎದುರು ಪಕ್ಷವೂ ತಾಳೆ ನೋಡಿತ್ತು. ಇನ್ನು, ಹೆಸರಾಂತ ಮನೆತನವಾದ್ದರಿಂದ ಕಾಗದ ಉಳಿಯಿತು ಎಂಬ ವಾದ ನಿಲ್ಲುವುದಿಲ್ಲ: 1905ರಲ್ಲಿ ಆತ ಒಬ್ಬ ಮಾಜಿ ಕ್ಷೌರಿಕ, ಅಷ್ಟೇ. ಹತ್ತೊಂಬತ್ತನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಜರ್ಮನ್ ಮಿಷನರಿಗಳಾದ ಮೋಗ್ಲಿಂಗ್, ಕಿಟ್ಟೆಲ್ ಅವರ ವಿಷಯದಲ್ಲಿ ನಮಗೆ ಇಂಥ ತೊಡಕಿಲ್ಲ. ಅವರನ್ನು ಕಳಿಸಿದ ಬಾಸೆಲ್ ಮಿಷನ್ ಪತ್ರಗಳನ್ನು ಕಾಪಾಡಿದೆ. ತಾನಾಗಿ ಹೋದ ಬಡವನಿಗೆ ಅಂಥ ಸಂಸ್ಥೆಯಿಲ್ಲ, ಬೆನ್ನಟ್ಟುವ ಕಚೇರಿಯಷ್ಟೇ ಇದೆ. ಆದ್ದರಿಂದ ಜರ್ಮನ್ ಪೂರ್ವಜರನ್ನು ಹುಡುಕುವವರು ಹಡಗಿನ ಹೆಸರಿಗಾಗಿ ಒದ್ದಾಡುವುದನ್ನು ಬಿಟ್ಟು, ಮೊದಲು ಹುಟ್ಟಿದ ಹಳ್ಳಿ ಯಾವುದೆಂದು ಗೊತ್ತು ಮಾಡಿಕೊಂಡು, ಆ ಜಿಲ್ಲೆಯ ಸೈನ್ಯ ಭರ್ತಿಯ ಕಡತಗಳನ್ನೂ ವಲಸೆ ಅನುಮತಿಯ ಅರ್ಜಿಗಳನ್ನೂ ತೆಗೆಸಿ ನೋಡಲಿ.