ಮಿತ ವೆಚ್ಚದ ವಿನ್ಯಾಸ ಗಣಕಯಂತ್ರ: ಬಿಡಿಭಾಗಗಳ ಆಯ್ಕೆ

ವಿನ್ಯಾಸ ಕಾರ್ಯ ಹಾಗೂ ಗೇಮಿಂಗ್ ಎರಡಕ್ಕೂ ಒಂದೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ಸಣ್ಣ ಉದ್ಯಮಿಗಳು ದುಬಾರಿ ಪ್ರೊಸೆಸರ್ ಕೊಂಡು, ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡುವುದು ಸೂಕ್ತವಲ್ಲ. ಫೋಟೋಶಾಪ್, ಕೋರೆಲ್‌ಡ್ರಾ ತಂತ್ರಾಂಶಗಳಿಗೆ ಪ್ರೊಸೆಸರಿನಷ್ಟೇ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳೂ ಮುಖ್ಯ; ಗೇಮಿಂಗ್‌ನಲ್ಲಿ ಗ್ರಾಫಿಕ್ಸ್ ಕಾರ್ಡೇ ನಿರ್ಣಾಯಕ. ಆದ್ದರಿಂದ ಮಧ್ಯಮ ದರ್ಜೆಯ ಪ್ರೊಸೆಸರನ್ನು ಆಯ್ದು, ಉಳಿದ ಹಣವನ್ನು ಇವುಗಳಿಗೆ ವಿನಿಯೋಗಿಸುವುದು ಲಾಭದಾಯಕ. ನಾಲ್ಕು ಸ್ಲಾಟುಗಳ ಮದರ್‌ಬೋರ್ಡಿನಲ್ಲಿ 8 ಜಿಬಿಯ ಎರಡು ರ‍್ಯಾಮ್‌ಗಳನ್ನು ಅಳವಡಿಸಿದರೆ ಮುಂದಿನ ವಿಸ್ತರಣೆಗೂ ಅವಕಾಶ ಉಳಿಯುತ್ತದೆ.

ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಇತರ ಬಿಡಿಭಾಗಗಳಿಗೂ ಹಾನಿಯಾಗಬಹುದು. ಒಪ್ಪಿಕೊಂಡ ಕೆಲಸವೂ ಗ್ರಾಹಕರಿಗೆ ಸಕಾಲದಲ್ಲಿ ತಲುಪದು.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗಗಳನ್ನು ಕೊಳ್ಳುವವರು ಜಿಎಸ್‌ಟಿ ಬಿಲ್ ಪಡೆಯುವುದು ಅವಶ್ಯಕ. ವಾರಂಟಿಗೂ, ನೋಂದಾಯಿತ ಉದ್ಯಮವು ವ್ಯವಹಾರದ ಬಳಕೆಯ ಮಟ್ಟಿಗೆ ಪಡೆಯಬಹುದಾದ ಇನ್‌ಪುಟ್ ತೆರಿಗೆ ಜಮೆಗೂ ಅದೇ ಆಧಾರ.